ಚೆಂಡು ಹೊಲಿದ ಚಪ್ಪಲಿ ಮಾವ

ಅವರ ಎರಡೂ ಕಿರುಬೆರಳುಗಳ ಬುಡದಲ್ಲಿ ಒಂದೊಂದು ಸಣ್ಣ ಕಾಲುವೆ ಇತ್ತು. ಗಾಯವಲ್ಲ, ಹುಟ್ಟುಗುರುತೂ ಅಲ್ಲ. ಮೇಣ ಉಜ್ಜಿದ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಎಳೆದು, ನಲವತ್ತು ವರ್ಷದಲ್ಲಿ ದಾರ ತಾನಾಗಿ ಕೊರೆದುಕೊಂಡ ಜಾಗ. ಅದರಲ್ಲಿ ಒಂದು ಅಕ್ಕಿಕಾಳು ಇಟ್ಟರೆ ಕೆಳಗೆ ಬೀಳುತ್ತಿರಲಿಲ್ಲ. ಚಿಕ್ಕವಳಿದ್ದಾಗ ಇಟ್ಟು ನೋಡಿದ್ದೇನೆ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಬಾವಲಿ ಬಸ್ಸು ನಿಲ್ಲುವ ಕಡೆ, ಚಾಯದಂಗಡಿಯ ಪಕ್ಕಕ್ಕೆ, ಒಂದು ನೀಲಿ ಟಾರ್ಪಾಲಿನ ಕೆಳಗೆ ಅವರು ಚಪ್ಪಲಿ ಹೊಲಿಯುತ್ತ ಕೂರುತ್ತಿದ್ದರು. ಊರೆಲ್ಲ ಮಲಯಾಳದಲ್ಲಿ 'ಚೆರುಪ್ಪುಕಾರನ್' ಎನ್ನುತ್ತಿತ್ತು. ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ಅವರೂ ಎಚ್.ಡಿ. ಕೋಟೆ ಕಡೆಯಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಬಾವಲಿ ಹೊಳೆ ದಾಟಿ ಬಂದ ಕನ್ನಡದವರು. ಹಾಗಾಗಿ ನನಗೆ ಮಾವ. ನಾಲ್ಕು ವರ್ಷದವಳಿದ್ದಾಗ ನಾನು ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ "ಚಪ್ಪಲಿ ಮಾವ" ಎಂದು ಕೂಗಿದೆನಂತೆ. ಅಮ್ಮ ನಾಚಿಕೆಯಿಂದ ನನ್ನ ಕಿವಿ ಹಿಂಡಿದಳಂತೆ. ಅವರು, "ಬುಡವ್ವ, ಚಪ್ಪಲಿ ಇಲ್ದಿದ್ರೆ ನಾನ್ಯಾವ ಮಾವ" ಅಂದರಂತೆ. ಆ ಹೆಸರು ಹಾಗೇ ಉಳಿಯಿತು.

ಯಾರೇ ಬಂದರೂ ಮಾವ ಮೊದಲು ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದರು. ಆಮೇಲೆ ಚಪ್ಪಲಿಯನ್ನು ತಿರುಗಿಸಿ ಅಟ್ಟೆ ಎಲ್ಲಿ ಸವೆದಿದೆ ಎಂದು ನೋಡುತ್ತಿದ್ದರು. ಆಮೇಲೆ ಬೇಕಿದ್ದರೆ ಮುಖ. ಮುಖ ಸುಳ್ಳು ಹೇಳುತ್ತದೆ, ಅಟ್ಟೆ ಹೇಳುವುದಿಲ್ಲ ಎಂಬುದು ಅವರ ಮಾತು. ಬೇಗೂರಿನ ಕಾಡಲ್ಲಿ ಆನೆ ಅಡ್ಡ ನಿಂತು ಬಸ್ಸು ತಡವಾದ ದಿನ ಜನ ಅವರ ಸುತ್ತ ಕೂತು, ನನ್ನ ಅಟ್ಟೆ ನೋಡಿ ಏನಾದರೂ ಹೇಳಿ ಎಂದು ಗಿಣಿಶಾಸ್ತ್ರ ಕೇಳುವವರ ಹಾಗೆ ಕಾಲು ಚಾಚುತ್ತಿದ್ದರು. ಕಾಡಿನ ಹಾಡಿಗಳಿಂದ ಬರಿಗಾಲಲ್ಲಿ ಬರುವ ಅಜ್ಜಂದಿರಿಗೆ ಮಾವ ಹೊಲಿಯಲು ಏನೂ ಇರಲಿಲ್ಲ. ಅವರ ಅಂಗಾಲಿನ ಮುಳ್ಳು ತೆಗೆದು ಕಳಿಸುತ್ತಿದ್ದರು. ತಿರುನೆಲ್ಲಿಯ ದೇವಸ್ಥಾನಕ್ಕೆ ಸತ್ತವರ ಪಿಂಡ ಹಾಕಲು ಹೊರಟವರ ಚಪ್ಪಲಿ ಕಿತ್ತಿದ್ದರೆ ಮಿಕ್ಕವರೆಲ್ಲ ಕಾಯಬೇಕಿತ್ತು.

ಇನ್ನೊಂದು ಅಭ್ಯಾಸ ನನಗೆ ತಡವಾಗಿ ಅರ್ಥವಾಯಿತು. ಹೊಲಿದ ಚಪ್ಪಲಿಯನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ನೆಲದ ಮೇಲಿಟ್ಟು ಮುಂದಕ್ಕೆ ತಳ್ಳುತ್ತಿದ್ದರು. ಅವರ ಕೈಯಿಂದ ನೇರವಾಗಿ ಏನನ್ನೂ ತೆಗೆದುಕೊಳ್ಳದವರ ಊರಿನಲ್ಲಿ ಅವರು ಬೆಳೆದಿದ್ದರು. ಇಲ್ಲಿ ಯಾರೂ ಹಾಗೆ ಕೇಳದಿದ್ದರೂ ಆ ಅಭ್ಯಾಸ ಕೈಯಲ್ಲಿ ಉಳಿದುಬಿಟ್ಟಿತ್ತು.

ನಾನು ಮಾನಂದವಾಡಿ ಕಡೆಯ ಕಾಲೇಜಿಗೆ ಸೇರಿದ ವರ್ಷ ಅಲ್ಲಿನ ಪಿ.ಟಿ. ಮೇಷ್ಟ್ರು, ಮಲಯಾಳದಲ್ಲಿ ಮಾಷ್, ಹುಡುಗಿಯರ ಬೇಸ್‌ಬಾಲ್ ತಂಡ ಕಟ್ಟಿದರು. ಆ ಆಟ ಏನೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಗದ್ದೆಗೆ ಬಂದ ಮಂಗಗಳಿಗೆ ಕಲ್ಲು ಹೊಡೆದು ಹೊಡೆದು ನನ್ನ ತೋಳು ಗಟ್ಟಿಯಾಗಿತ್ತು, ಅದನ್ನು ನೋಡಿ ಮಾಷ್ ನನ್ನನ್ನು ಪಿಚರ್ ಮಾಡಿದರು. ಚೆಂಡು ಎಸೆಯುವವಳು ಎಂದರ್ಥ. ತೃಶ್ಶಿಲೇರಿಯ ಶೀಜ ಕ್ಯಾಚರ್. ನಾನು ಎಸೆದದ್ದನ್ನು ಬ್ಯಾಟಿನ ಹುಡುಗಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಡಿಯುವವಳು. ನಮ್ಮಿಬ್ಬರಿಗೂ ಆ ಆಟದ ಹುಚ್ಚು ಹಿಡಿಯಿತು. ಆದರೆ ಕಾಲೇಜಿನಲ್ಲಿದ್ದದ್ದು ಹಳೆಯ ಚೆಂಡುಗಳು, ಅರ್ಧ ವರ್ಷದಲ್ಲಿ ಅವುಗಳ ಹೊಲಿಗೆ ಬಿಚ್ಚಿ ಬಾಯಿ ತೆರೆದುಕೊಂಡವು. ಹೊಸದು ಮುಂದಿನ ವರ್ಷವೇ ಎಂದರು ಮಾಷ್. ನಾನು ಅವನ್ನೆಲ್ಲ ಚೀಲಕ್ಕೆ ತುಂಬಿ ಮಾವನ ಮುಂದೆ ಸುರಿದೆ.

ಮಾವ ಒಂದು ಚೆಂಡನ್ನು ಪೂರ್ತಿ ಬಿಚ್ಚಿದರು. ಒಳಗೆ ರಬ್ಬರಿನ ಗುಂಡು, ಅದರ ಸುತ್ತ ಉಣ್ಣೆಯ ನೂಲು, ಮೇಲೆ ಬಿಳಿ ತೊಗಲಿನ ಎರಡು ತುಂಡು, ತುಂಡುಗಳನ್ನು ಕೂಡಿಸುವ ಕೆಂಪು ದಾರ. ತೊಗಲಿನ ಅಂಚಿನ ತೂತುಗಳನ್ನು ಎಣಿಸಿದರು. ಈ ತುಂಡಿನಲ್ಲಿ ನೂರೆಂಟು, ಆ ತುಂಡಿನಲ್ಲಿ ನೂರೆಂಟು. ಎಣಿಸಿ ಮುಗಿಸಿದ ಮೇಲೆ ಚಾಯದಂಗಡಿಯ ಅಕ್ಕನನ್ನು, ಊರಿನ ಬಾಯಲ್ಲಿ ಚೇಚಿ, ಕರೆದು ಆ ತೊಗಲು ತೋರಿಸಿದರು. ಇದು ಯಂತ್ರದ್ದಲ್ಲ, ಕೈ ಹೊಲಿಗೆ, ಎರಡು ಸೂಜಿ ಒಂದೇ ಸಲ ಓಡಿಸಿದ್ದಾರೆ, ಎಲ್ಲೋ ಯಾರೋ ನಮ್ಮಂಥವರೇ ಕೂತು ಹೊಲಿದಿದ್ದಾರೆ ಎಂದು ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಅವರಿಗೆ ವಿವರಿಸಿದರು. ಅಷ್ಟು ಮಾತು ಅವರು ಒಂದೇ ಸಲ ಆಡಿದ್ದನ್ನು ನಾನು ನೋಡಿರಲಿಲ್ಲ.

ನಾಲ್ಕು ದಿನ ಬಿಟ್ಟು ಹೋದೆ. ಚೆಂಡುಗಳು ಸಿದ್ಧವಾಗಿದ್ದವು. ಮಾವ ಒಂದನ್ನು ನೆಲಕ್ಕಿಟ್ಟು ನನ್ನ ಕಡೆಗೆ ಉರುಳಿಸಿದರು. ಎತ್ತಿಕೊಂಡೆ. ಬೆಣ್ಣೆ ಉಂಡೆಯ ಹಾಗಿತ್ತು. ಹೊಲಿಗೆ ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಸಿಗುತ್ತಿರಲಿಲ್ಲ. ತೊಗಲನ್ನು ನೆನೆಸಿ, ಬಿಗಿದು, ಹೊಲಿದಾದ ಮೇಲೆ ಮರದ ಕೊಡತಿಯಿಂದ ತಟ್ಟಿ ತಟ್ಟಿ ದಾರವನ್ನು ಒಳಗೆ ಕೂರಿಸಿದ್ದರು.

"ಹೊಲಿಗೆ ಅಂದ್ರೆ ಇರ್ಬೇಕು ಕಣವ್ವ, ಇದ್ದೀನಿ ಅನ್ಬಾರ್ದು" ಎಂದರು.

ಅದು ಅವರಿಗೆ ಅವರಪ್ಪ ಕಲಿಸಿದ ವಿದ್ಯೆ. ಕಾಲಿಗೆ ಚುಚ್ಚುವ ಹೊಲಿಗೆ ಹೊಲಿದವನು ಆ ದಿನ ಊಟ ಮಾಡಬಾರದು ಎನ್ನುವ ಮನೆ ಅವರದು. ನಾನು ಮಹಾ ಸಂತೋಷದಿಂದ ಚೀಲ ಹೊತ್ತುಕೊಂಡು ಹೋದೆ. ಮಾಷ್ ಕೂಡ ಬೆನ್ನು ತಟ್ಟಿದರು. ಕಾಲೇಜು ಆಮೇಲೆ ಹೊಸ ಚೆಂಡು ತರಿಸಲೇ ಇಲ್ಲ, ಪಂದ್ಯಗಳಿಗೂ ಇವೇ.

ಬೇಸ್‌ಬಾಲಿನಲ್ಲಿ ಚೆಂಡು ಬಾಗಬೇಕು. ನೇರ ಬರುತ್ತದೆ ಎಂದು ಬ್ಯಾಟಿನವಳು ನಂಬಿದ ಹೊತ್ತಿಗೆ ಅದು ಕೆಳಕ್ಕೋ ಪಕ್ಕಕ್ಕೋ ಜಾರಬೇಕು. ಎಷ್ಟು ಎಸೆದರೂ ನನ್ನ ಚೆಂಡು ಬಾಗುತ್ತಿರಲಿಲ್ಲ. ಮಣಿಕಟ್ಟಿನಲ್ಲಿ ಜೀವವಿಲ್ಲ ಎಂದರು ಮಾಷ್. ನನಗೆ ಮೂಗಿನ ತುದಿಯಲ್ಲೇ ಕೋಪ. ಕೊಯ್ಲು ಮುಗಿದ ಗದ್ದೆಯಲ್ಲಿ ಶೀಜಳನ್ನು ಕೂರಿಸಿಕೊಂಡು ಎರಡು ಬೇಸಿಗೆ ಎಸೆದೆ. ಮಣಿಕಟ್ಟನ್ನು ಬಟ್ಟೆ ಹಿಂಡುವ ಹಾಗೆ ತಿರುಚಿದೆ. ಕಡೆಗೂ ಚೆಂಡು ಸ್ವಲ್ಪ ಬಾಗತೊಡಗಿತು. ಮೂರನೆಯ ವರ್ಷಕ್ಕೆ ನನ್ನನ್ನು ನೋಡಿದರೆ ಉಳಿದ ಕಾಲೇಜಿನವರು ತಲೆ ತಗ್ಗಿಸಿಕೊಂಡು ಹೋಗುತ್ತಾರೆ ಎಂದು ಭಾವಿಸಿಕೊಂಡಿದ್ದೆ.

ಆ ವರ್ಷವೇ ಗಲ್ಫಿನಲ್ಲಿ ಹೆಣ್ಣುಮಕ್ಕಳ ಬೇಸ್‌ಬಾಲ್ ಲೀಗ್ ಒಂದು ಶುರುವಾಗುತ್ತದೆ ಎಂಬ ಸುದ್ದಿ ಬಂತು. ಕಾಲೇಜುಗಳಲ್ಲಿ ಚೆನ್ನಾಗಿ ಆಡುವವರನ್ನು ಬಂದು ನೋಡುತ್ತಾರೆ, ಪಟ್ಟಿ ಮಾಡುತ್ತಾರೆ, ಕೋಳಿಕ್ಕೋಡಿನಲ್ಲಿ ಟ್ರಯಲ್ಸ್ ಇಡುತ್ತಾರೆ. ಆಮೇಲೆ ಒಂದು ದಿನ ತಂಡಗಳು ಸರದಿಯಂತೆ ಒಂದೊಂದು ಹೆಸರು ಕೂಗಿ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಮಾವನಿಗೆ ಇದನ್ನು ವಿವರಿಸಿದಾಗ ಅವರು, ಅಂದರೆ ಹೆಣ್ಣು ನೋಡುವ ಶಾಸ್ತ್ರ, ಉಪ್ಪಿಟ್ಟು ಮಾಡಬೇಕಾದವರು ಯಾರು ಎಂದು ಕೇಳಿದರು. ನಗುತ್ತಲೇ ಕೇಳಿದರೂ ವಿಷಯ ಅವರಿಗೆ ಅರ್ಥವಾಗಿತ್ತು. ನಮ್ಮ ಜಿಲ್ಲೆಯಲ್ಲಿ ಆ ಆಟ ಇದ್ದದ್ದು ಕಾಲೇಜಿನ ಗೇಟಿನೊಳಗೆ ಮಾತ್ರ. ಪರೀಕ್ಷೆ ಮುಗಿದ ದಿನ ಗ್ಲೌಸ್ ವಾಪಸು ಕೊಟ್ಟು ಬಂದರೆ ಆಮೇಲೆ ನನ್ನ ತೋಳು ಮತ್ತೆ ಮಂಗಗಳಿಗೇ ಮೀಸಲು. ಈ ಲೀಗಿನವರು ಕರೆದರೆ ಮಾತ್ರ ಆಟ ಉಳಿಯುತ್ತದೆ.

ಲೀಗಿನವರು ನೋಡಲು ಬಂದ ಅಂತರ ಕಾಲೇಜು ಪಂದ್ಯದಲ್ಲಿ ಡಬ್ಬಿಯಿಂದ ತೆಗೆದ ಹೊಚ್ಚ ಹೊಸ ಚೆಂಡು ಕೊಟ್ಟರು. ಹೊಸ ಚೆಂಡನ್ನು ನಾನು ಮುಟ್ಟಿದ್ದು ಅದೇ ಮೊದಲು. ಹೊಲಿಗೆ ಬೆರಳಿಗೆ ಒತ್ತುತ್ತಿತ್ತು, ದಾರ ತೊಗಲಿನ ಮೇಲೆ ಏಣಿನ ಹಾಗೆ ಎದ್ದು ನಿಂತಿತ್ತು. ನಾನು ಎಂದಿನಂತೆ ಮಣಿಕಟ್ಟು ತಿರುಚಿ ಎಸೆದೆ. ಚೆಂಡು ಶೀಜಳಿಗೆ ಮೂರು ಅಡಿ ಮುಂಚೆಯೇ ನೆಲಕ್ಕೆ ಬಡಿಯಿತು. ಎರಡನೆಯದು ಬ್ಯಾಟಿನವಳ ಬೆನ್ನಿಗೆ ಬಿತ್ತು. ಮೂರನೆಯದು ಎಲ್ಲಿ ಹೋಯಿತೋ ಆ ದೇವರೇ ಬಲ್ಲ. ಅರ್ಧ ಗಂಟೆಯೊಳಗೆ ಮಾಷ್ ನನ್ನನ್ನು ಹೊರಗೆ ಕೂರಿಸಿದರು. ನೋಡಲು ಬಂದಿದ್ದವರು ಪುಸ್ತಕದಲ್ಲಿ ಏನೋ ಬರೆದುಕೊಂಡರು.

ನಾನು ಅಲ್ಲಿಂದ ನೇರ ಮಾವನ ಹತ್ತಿರ ಬಂದೆ. ಬಸ್ಸಿಗೆ ಕಾಯುತ್ತಿದ್ದವರ ಮುಂದೆಯೇ ಪಂದ್ಯದಿಂದ ಎತ್ತಿಕೊಂಡು ಬಂದ ಹೊಸ ಚೆಂಡನ್ನು ಅವರ ಪೆಟ್ಟಿಗೆಯ ಮೇಲೆ ಕುಕ್ಕಿದೆ. ಚೆಂಡು ಬಾಗುವುದು ಬೆರಳಿಗೆ ಸಿಗುವ ದಾರದಿಂದ, ನಿಮ್ಮ ಹೊಲಿಗೆ ನನ್ನ ಕೈ ಕೆಡಿಸಿತು ಎಂದೆ. ಎರಡು ವರ್ಷ ಕಲಿತದ್ದೆಲ್ಲ ಮಣ್ಣುಪಾಲಾಯಿತು ಎಂದೆ. ಇನ್ನೂ ಏನೇನೋ ಅಂದೆ, ಈಗ ಬರೆಯಲು ನಾಚಿಕೆಯಾಗುತ್ತದೆ. ಚಾಯದಂಗಡಿಯ ಚೇಚಿ ನನ್ನ ತೋಳು ಹಿಡಿದು ಎಳೆದರು, ನಾನು ಕೊಸರಿಕೊಂಡೆ.

ಮಾವ ಚೆಂಡು ಎತ್ತಿಕೊಂಡರು. ಕಣ್ಣು ಮುಚ್ಚಿ, ಹೆಬ್ಬೆರಳನ್ನು ಹೊಲಿಗೆಯ ಗುಂಟ ಪೂರ್ತಿ ಒಂದು ಸುತ್ತು ಓಡಿಸಿದರು. ಒಂದು ಬಸ್ಸು ಬಂದು ಹೋಯಿತು. ಅವರು ಮತ್ತೊಂದು ಸುತ್ತು ಓಡಿಸಿದರು.

"ಬೇಕೂಂತ್ಲೇ ಎಬ್ಬಿಸಿ ನಿಲ್ಸವ್ರೆ" ಎಂದರು. "ತಪ್ಪು ನಂದೇ ಕಣ್ ಕೂಸೆ. ನಾನು ಕಾಲಿಗೆ ಹೊಲ್ದುಬುಟ್ಟೆ. ಇದು ಕೈದು."

ಅಷ್ಟೇ ಅಂದದ್ದು. ಆಮೇಲೆ ಕೊಡತಿಯನ್ನು ಪೆಟ್ಟಿಗೆಯಿಂದ ತೆಗೆದು ಚೇಚಿಯ ಕಡೆಗೆ ನೆಲದ ಮೇಲೆ ತಳ್ಳಿ, ತಾವೇ ಕೇಳಿದರೂ ಕೊಡಬೇಡ ಎಂದರು. ಕೈಗೆ ಸಿಕ್ಕರೆ ಹಳೇ ಚಾಳಿಗೆ ತಟ್ಟಿಬಿಡುತ್ತೇನೆ ಎಂಬ ಭಯ ಅವರಿಗೆ. ಚೇಚಿ ಅದರಲ್ಲಿ ಚಾಯಕ್ಕೆ ಶುಂಠಿ ಜಜ್ಜತೊಡಗಿದರು. ಟ್ರಯಲ್ಸಿಗೆ ಇನ್ನು ಮೂರು ವಾರವಿತ್ತು. ಹೇಗೋ ಮಾಷ್ ಲೀಗಿನವರ ಕೈಕಾಲು ಹಿಡಿದು ಬೇಡಿ ನನ್ನ ಹೆಸರನ್ನು ಪಟ್ಟಿಯಲ್ಲಿ ಉಳಿಸಿದ್ದರು.

ಮಾವ ಅಷ್ಟೂ ಚೆಂಡುಗಳನ್ನು ಬಿಚ್ಚಿ ಮತ್ತೆ ಹೊಲಿದರು. ಆದರೆ ಎಲ್ಲವನ್ನೂ ಹೊಸ ಚೆಂಡಿನ ಹಾಗೆ ಹೊಲಿಯಲಿಲ್ಲ. ಕೆಲವನ್ನು ಪೂರ್ತಿ ಎದ್ದು ನಿಲ್ಲುವ ಹಾಗೆ, ಕೆಲವನ್ನು ಅರ್ಧ, ಕೆಲವನ್ನು ಮೊದಲಿನ ಹಾಗೇ ಒಳಗೆ ಕೂರುವ ಹಾಗೆ ಹೊಲಿದು, ಒಂದೇ ಚೀಲಕ್ಕೆ ಹಾಕಿ ಕಲಸಿದರು. ಅಲ್ಲಿ ಯಾವ ಚೆಂಡು ಕೊಡುತ್ತಾರೋ ನಿನಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ, ಎಸೆಯುವ ಮುಂಚೆ ನೀನು ಯಾರು ಎಂದು ಚೆಂಡನ್ನು ಕೇಳು ಎಂದರು. ಚೀಲಕ್ಕೆ ಕೈ ಹಾಕುವುದು, ಬೆರಳಲ್ಲಿ ಕೇಳುವುದು, ಎಷ್ಟು ತಿರುಚಬೇಕೆಂದು ಲೆಕ್ಕ ಹಾಕುವುದು, ಎಸೆಯುವುದು. ಮೊದಲ ವಾರ ಶೀಜಳ ಮೊಣಕಾಲಿಗೆಲ್ಲ ನೀಲಿ ಗುರುತು. ಮೂರನೆಯ ವಾರ ಅವಳು ಗ್ಲೌಸ್ ಇಟ್ಟ ಕಡೆ ಚೆಂಡು ಬರುತ್ತಿತ್ತು.

ಕೋಳಿಕ್ಕೋಡಿನಲ್ಲಿ ಚೆನ್ನಾಗಿಯೇ ಎಸೆದೆ. ಡ್ರಾಫ್ಟಿನ ದಿನ ಮಧ್ಯಾಹ್ನ ನಾನು, ಶೀಜ, ಚೇಚಿ ಎಲ್ಲರೂ ಮಾವನ ಟಾರ್ಪಾಲಿನ ಕೆಳಗೆ ಒಂದು ಫೋನಿನ ಸುತ್ತ ಮುಗಿಬಿದ್ದಿದ್ದೆವು. ನಾಲ್ಕನೆಯ ಸುತ್ತಿನಲ್ಲಿ ಶೀಜಳ ಹೆಸರು ಕೂಗಿದರು. ಅವಳನ್ನು ಅಪ್ಪಿಕೊಂಡು ಕುಣಿದೆ. ಸುತ್ತುಗಳೆಲ್ಲ ಮುಗಿದವು. ನನ್ನ ಹೆಸರು ಬರಲಿಲ್ಲ. ನಾನು ಎಸೆದದ್ದು ಬೇಕಾದ ಕಡೆಗೆ ಹೋಗುತ್ತದೆ, ಆದರೆ ವೇಗ ಸಾಲದು ಎಂದು ಬರೆದುಕೊಂಡಿದ್ದಾರೆಂದು ಆಮೇಲೆ ಮಾಷ್ ಹೇಳಿದರು. ಐದು ನಿಮಿಷದ ಹಿಂದೆ ಅಪ್ಪಿಕೊಂಡ ಗೆಳತಿಯ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು. ಅವಳು ಅದನ್ನು ಕಂಡಳು. ಕಂಡೂ ನನ್ನ ಕೈ ಬಿಡಲಿಲ್ಲ, ಪುಣ್ಯಾತ್ಗಿತ್ತಿ.

ಮಾವ ಅರ್ಧ ಹೊಲಿದ ಚೆಂಡಿನಿಂದ ತಲೆ ಎತ್ತದೆ, ಇದು ನಾಳೆಗೆ ಸಿದ್ಧವಾಗುತ್ತದೆ ಎಂದರು. ನಾಳೆ ಯಾತಕ್ಕೆ ಎಂದು ನಾನು ಹರಿಹಾಯ್ದೆ. ಕಾಲೇಜು ಮುಗಿಯಿತು, ಶೀಜ ಹೊರಟಳು, ಹಿಡಿಯುವವರು ಯಾರು?

"ಅವ್ರು ಕೂಗ್ನಿಲ್ಲ ಅಂತ ಕೈ ಬಿದ್ದೋಯ್ತದಾ?" ಎಂದರು ಮಾವ.

ನಾನು ಎದ್ದು ಹೋದೆ. ಪರೀಕ್ಷೆ ಬರೆದೆ. ಜಂಕ್ಷನ್ನಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿಂದ ನೀಲಿ ಟಾರ್ಪಾಲು ಕಾಣುತ್ತಿತ್ತು. ಮಾವನಿಗೂ ನಾನು ಕಾಣುತ್ತಿದ್ದೆ. ಒಂದು ತಿಂಗಳು ನಾವಿಬ್ಬರೂ ಮಾತಾಡಲಿಲ್ಲ. ತೊಳಿಲುರಪ್ಪಿನ, ಅಂದರೆ ಉದ್ಯೋಗ ಖಾತ್ರಿಯ, ಕೆಲಸ ಮುಗಿಸಿ ಬಂದ ಅಮ್ಮ ದಿನಾ ಸಂಜೆ ನನ್ನ ಮುಖ ನೋಡಿ, ಆ ಮುದುಕಪ್ಪ ಏನು ಪಾಪ ಮಾಡಿದ ಎಂದು ಕೇಳುತ್ತಿದ್ದಳು. ಅವರು ಏನೂ ಮಾಡಿಲ್ಲವೆಂದು ನನಗೂ ಗೊತ್ತಿತ್ತು. ಸೋತ ಮೇಲೆ ಕೋಪ ಮಾಡಿಕೊಳ್ಳಲು ಯಾರಾದರೂ ಬೇಕಲ್ಲ.

ಒಂದು ದಿನ ಮಾವ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಮೊರದಷ್ಟು ದೊಡ್ಡ ಗ್ಲೌಸ್. ಹಳೆಯ ಜೀಪಿನ ಸೀಟಿನ ರೆಕ್ಸಿನ್, ಒಳಗೆ ತೆಂಗಿನ ನಾರು, ಅಂಗೈ ಬರುವ ಕಡೆ ಚಪ್ಪಲಿ ತೊಗಲು ಮೂರು ಪದರ. ತಾವೇ ಹೊಲಿದದ್ದು. ಬೆಳಿಗ್ಗೆ ಏಳಕ್ಕೆ ಗದ್ದೆಗೆ ಬಾ, ನಾನು ಹಿಡಿಯುತ್ತೇನೆ ಎಂದರು. ಅವರಿಗಾಗ ಅರವತ್ತು ದಾಟಿ ಎಷ್ಟೋ ವರ್ಷವಾಗಿತ್ತು. ನಿಮಗೆಲ್ಲಿ ಕೂರಲು ಆಗುತ್ತದೆ ಮಾವ ಎಂದೆ.

"ಜಲ್ಮೆಲ್ಲ ಕುಕ್ಕರುಗಾಲಲ್ಲೇ ಕೂತೀವ್ನಿ. ಇನ್ನೊಂದ್ ಗಂಟೆ ಕೂರಕ್ಕಾಗಲ್ವಾ?"

ಜೆರಾಕ್ಸ್ ಅಂಗಡಿಯವನೂ ನಕ್ಕ, ನಾನೂ ನಕ್ಕೆ. ಒಂದು ತಿಂಗಳ ಮೇಲೆ ನಕ್ಕಿದ್ದು.

ಮರುದಿನ ಗದ್ದೆಯಲ್ಲಿ ಮಾವ ಲುಂಗಿ ಎತ್ತಿ ಕಟ್ಟಿ, ಯಾರದೋ ಬೈಕಿನ ಹೆಲ್ಮೆಟ್ ಹಾಕಿಕೊಂಡು, ನೀರಿನ ಪೈಪನ್ನು ಸೀಳಿ ಮೊಣಕಾಲ ಕೆಳಗೆ ಚಪ್ಪಲಿ ಪಟ್ಟಿಯಿಂದ ಬಿಗಿದುಕೊಂಡು ಕೂತಿದ್ದರು. ನಾನು ಮಗುವಿಗೆ ಎಸೆದ ಹಾಗೆ ಮೆಲ್ಲಗೆ ಎಸೆದೆ. ಹಿಡಿದರು. ಮತ್ತೆ ಮೆಲ್ಲಗೆ ಎಸೆದೆ. ಅವರು ಎದ್ದರು. ಹೆಲ್ಮೆಟ್ ಹೊತ್ತುಕೊಂಡೇ ಗದ್ದೆಯುದ್ದಕ್ಕೂ ನಡೆದು ನನ್ನ ಹತ್ತಿರ ಬಂದು, ಚೆಂಡನ್ನು ನನ್ನ ಅಂಗೈ ಮೇಲಿಟ್ಟು ಬೆರಳು ಮಡಿಚಿದರು. ಅವರ ಕೈಯಿಂದ ನನ್ನ ಕೈಗೆ ನೇರವಾಗಿ ಏನಾದರೂ ಬಂದದ್ದು ಅದೇ ಮೊದಲು. ಅವರಿಗೆ ಅದರ ಅರಿವಾಯಿತೋ ಇಲ್ಲವೋ, ನನಗಾಯಿತು.

"ನೀನು ಮಾಡ್ತಿರೋದು ಕೊಡೋದು. ಎಸಿ" ಎಂದರು.

ಎಸೆದೆ. ಮೊದಲ ವಾರ ಹತ್ತರಲ್ಲಿ ನಾಲ್ಕು ಹಿಡಿದರು, ಉಳಿದವು ಪೈಪಿಗೆ ಬಡಿದು ಟಣ್ ಎನ್ನುತ್ತಿದ್ದವು. ಒಂದು ತಪ್ಪಿ ತೊಡೆಗೆ ಬಿದ್ದು ಎರಡು ದಿನ ಕುಂಟಿದರು. ಅಮ್ಮ ಬಿಸಿನೀರು ಕಾಯಿಸಿಕೊಟ್ಟು ನನ್ನನ್ನು ಬೈದಳು. ಮೂರನೆಯ ದಿನ ಮತ್ತೆ ಬಂದು ಕೂತರು. ಏಳೂವರೆಯ ಬಸ್ಸಿನವರು ಕಿಟಕಿಯಲ್ಲಿ ತಲೆ ಹಾಕಿ ನಮ್ಮನ್ನು ಹುರಿದುಂಬಿಸಿ ಹೋಗುತ್ತಿದ್ದರು.

ಆದರೆ ಮಾವ ನನ್ನ ಕೈ ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ನನ್ನ ಪಾದದ ಮೇಲಿತ್ತು. ಒಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಎಡಗಾಲಿನ ಶೂ ಬಿಚ್ಚಿಸಿ ತಿರುಗಿಸಿ ತೋರಿಸಿದರು. ಅಟ್ಟೆಯ ಹೊರ ಅಂಚು ಪೂರ್ತಿ ಸವೆದಿತ್ತು, ಒಳಗಿನದು ಹೊಸದರ ಹಾಗಿತ್ತು. ಎಸೆಯುವಾಗ ಮುಂದಿಡುವ ಕಾಲು ಅದು. ಕಾಲು ಹೊರಕ್ಕೆ ಮಗುಚುತ್ತದೆ, ತೋಳಿಗೆ ಹೋಗಬೇಕಾದ ಬಲವೆಲ್ಲ ಅಲ್ಲೇ ನೆಲಕ್ಕೆ ಸೋರುತ್ತಿದೆ ಎಂದು ವಿವರಿಸಿದರು. ಕಾಲೇಜಿನ ಮೂರು ವರ್ಷದಲ್ಲಿ ಯಾರಿಗೂ ಕಾಣದ್ದು. ಹೊರ ಅಂಚಿಗೆ ತೊಗಲಿನ ಒಂದು ತೆಳುವಾದ ಪಟ್ಟಿ ಕೂರಿಸಿ ಹೊಲಿದುಕೊಟ್ಟರು. ಆ ಹೊಲಿಗೆ ಕಾಲಿಗೆ ಸಿಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಮೊದಲ ದಿನ ನೆಲ ಓರೆಯಾದಂತೆ ಅನಿಸಿತು. ಎರಡು ವಾರದೊಳಗೆ ಮಾವ ಹಿಡಿದ ಪ್ರತಿಯೊಂದು ಚೆಂಡಿಗೂ ಸಣ್ಣಗೆ ನರಳತೊಡಗಿದರು. ಅಂಗೈ ಕೆಂಪಗೆ ಊದಿತ್ತು. ಸಾಕು ಮಾಡೋಣ ಎಂದರೆ, ಈಗಲ್ಲವಾ ಚೆಂಡು ಬರುತ್ತಿರುವುದು ಎಂದು ಸಂಭ್ರಮಪಟ್ಟರು. ಗ್ಲೌಸಿಗೆ ನಾಲ್ಕನೆಯ ಪದರ ಹೊಲಿದುಕೊಂಡರು.

ಮರುವರ್ಷ ಲೀಗಿನವರು ಮತ್ತೆ ಹೆಸರು ಕೇಳಿದರು. ಕಾಲೇಜು ಮುಗಿಸಿ ಒಂದು ವರ್ಷವಾದವರೂ ಬರಬಹುದಿತ್ತು, ಆದರೆ ಫಾರ್ಮಿನಲ್ಲಿ ಕಾಲೇಜಿನ ಸೀಲ್ ಇಲ್ಲದವರು ತರಬೇತುದಾರರ ಹೆಸರು, ಅವರ ವೃತ್ತಿ, ಸಹಿ ಕೊಡಬೇಕಿತ್ತು. ಪಿ.ಟಿ. ಮಾಷ್ ಅಷ್ಟರಲ್ಲಿ ದೂರದ ಜಿಲ್ಲೆಗೆ ಹೋಗಿದ್ದರು. ಫೋನ್ ಮಾಡಿದರೆ ಖಂಡಿತ ಸಹಿ ಹಾಕಿ ಕಳಿಸುತ್ತಿದ್ದರು. ನಾನು ಮಾಡಲಿಲ್ಲ. ಫಾರ್ಮನ್ನು ಮಾವನ ಪೆಟ್ಟಿಗೆಯ ಮೇಲಿಟ್ಟು ಇಲ್ಲಿ ಸಹಿ ಹಾಕಿ ಎಂದೆ.

ಮಾವ ಹೆದರಿದರು. ಇಷ್ಟು ವರ್ಷದಲ್ಲಿ ಅವರು ಹೆದರಿದ್ದನ್ನು ನಾನು ಕಂಡದ್ದು ಆಗಲೇ. ಚಪ್ಪಲಿ ಹೊಲಿಯುವವನ ಸಹಿ ನೋಡಿದರೆ ನಿನ್ನ ಫಾರ್ಮನ್ನು ಕಸಕ್ಕೆ ಹಾಕುತ್ತಾರೆ, ಹುಚ್ಚು ಹುಡುಗಿ, ದೊಡ್ಡವರ ಕೈಲಿ ಹಾಕಿಸು ಎಂದು ಗೋಗರೆದರು. ನಾನು ಪೆನ್ನು ಹಿಡಿದುಕೊಂಡು ಅಲ್ಲೇ ಕೂತೆ. ಎರಡು ಬಸ್ಸು ಹೋದವು. ಕೊನೆಗೆ ಅವರು ಕನ್ನಡದಲ್ಲಿ, ಒಂದೊಂದೇ ಅಕ್ಷರವನ್ನು ಹೊಲಿಗೆ ಹಾಕಿದಷ್ಟು ನಿಧಾನವಾಗಿ ಬರೆದರು. ವೃತ್ತಿಯ ಜಾಗದಲ್ಲಿ ಏನು ಬರೆಯಲಿ ಎಂದೆ. ಇದ್ದದ್ದನ್ನೇ ಬರಿ, ನಾಳೆ ಯಾರಾದರೂ ಅಟ್ಟೆ ನೋಡಿದರೆ ಗೊತ್ತಾಗುತ್ತದೆ ಎಂದರು. ಇದ್ದದ್ದನ್ನೇ ಬರೆದೆ.

ಯಾರೂ ಕಸಕ್ಕೆ ಹಾಕಲಿಲ್ಲ. ಟ್ರಯಲ್ಸಿನಲ್ಲಿ ವೇಗ ಅಳೆಯುವವನು ನನ್ನ ಮೊದಲ ಎಸೆತಕ್ಕೆ ತನ್ನ ಯಂತ್ರವನ್ನು ಒಮ್ಮೆ ತಟ್ಟಿ ನೋಡಿಕೊಂಡ. ಡ್ರಾಫ್ಟಿನ ದಿನ ಎರಡನೆಯ ಸುತ್ತಿನಲ್ಲೇ ನನ್ನ ಹೆಸರು ಕೂಗಿದರು. ಗಲ್ಫಿನಿಂದ ಶೀಜ ಫೋನಿನಲ್ಲೇ ಕಿರುಚುತ್ತಿದ್ದಳು. ಅಮ್ಮ ಅತ್ತಳು. ಚೇಚಿ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಚಾಯ ಕೊಟ್ಟರು. ಮಾವ ಮಾತ್ರ ಊದಿದ ಅಂಗೈಯನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು, ಯಾರದೋ ಕಿತ್ತ ಚಪ್ಪಲಿಯ ಕಡೆ ನೋಡುತ್ತಿದ್ದರು. ಅವರ ಕಣ್ಣಿನ ನೀರು ಆ ಚಪ್ಪಲಿಯ ಮೇಲೆ ಬಿತ್ತು. ಅದನ್ನು ಬೆರಳಲ್ಲಿ ಒರೆಸಿ ಕೆಲಸ ಮುಂದುವರಿಸಿದರು.

ನನ್ನ ಮೊದಲ ಸೀಸನ್ ನಡೆಯುತ್ತಿದ್ದಾಗ, ಊರಿನಲ್ಲಿ ಮಂಜು ಬೀಳುವ ತಿಂಗಳಲ್ಲಿ, ಅವರು ತೀರಿಕೊಂಡರು. ಮೂರು ದಿನದ ಜ್ವರ. ಸರಗೂರಿನ ಕಡೆ ಇದ್ದ ಮಗಳು ಬಂದು ಕರೆದುಕೊಂಡು ಹೋಗಿ ಅಲ್ಲೇ ಮಣ್ಣು ಮಾಡಿದಳು. ಚೇಚಿ ಫೋನಿನಲ್ಲಿ ಹೇಳಿದರು. ನನಗೆ ಹೋಗಲಾಗಲಿಲ್ಲ. ಅಂದು ಸಂಜೆ ಪಂದ್ಯವಿತ್ತು. ಬಾತ್‌ರೂಮಿನಲ್ಲಿ ಕೂತು ಅತ್ತು, ಮುಖ ತೊಳೆದು, ಹೋಗಿ ಎಸೆದೆ. ಗೆದ್ದೆವು. ಈಗ ಎರಡನೆಯ ಸೀಸನ್ನಿಗೂ ಕರೆದಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಕಾಟ್ಟಿಕುಳದ ನಾಲ್ಕು ಹುಡುಗಿಯರು ನನ್ನೊಡನೆ ಗದ್ದೆಗೆ ಬರುತ್ತಾರೆ. ಅವರಲ್ಲಿ ಇಬ್ಬರ ಹೆಸರು ಈ ಸಲದ ಪಟ್ಟಿಯಲ್ಲಿದೆ. ಯಾರ ಕೈ ಚೆನ್ನಾಗಿದೆ ಎಂದು ಜನ ಕೇಳುತ್ತಾರೆ. ನಾನು ಅವರ ಶೂ ತಿರುಗಿಸಿ ನೋಡಿ ಉತ್ತರ ಹೇಳುತ್ತೇನೆ.

ಈ ಬರಹದಲ್ಲಿ ಅವರ ಹೆಸರು ಹೇಳಿಲ್ಲ. ಹೇಳಬಾರದೆಂದಲ್ಲ, ನನ್ನ ಬಾಯಿಗೆ ಮಾವ ಬಿಟ್ಟು ಬೇರೆ ಬರುವುದಿಲ್ಲ. ಆದರೆ ಲೀಗಿನವರ ಪುಟದಲ್ಲಿ ಪ್ರತಿ ಆಟಗಾರ್ತಿಯ ಹೆಸರಿನ ಕೆಳಗೆ ಅವಳ ತರಬೇತುದಾರರ ಹೆಸರಿದೆ. ಮೊದಲ ಸೀಸನ್ನಿಗೆ ನಾನು ಊರು ಬಿಡುವ ಹಿಂದಿನ ದಿನ ಆ ಪುಟ ಮೊದಲ ಸಲ ಫೋನಿನಲ್ಲಿ ಬಂತು. ಓಡಿಹೋಗಿ ಮಾವನಿಗೆ ತೋರಿಸಿದೆ. ಅಕ್ಷರವೆಲ್ಲ ಇಂಗ್ಲಿಷು. ನಿನ್ನದು ಯಾವುದು, ನನ್ನದು ಯಾವುದು ಎಂದು ಕೇಳಿದರು. ಇದು ನನ್ನದು, ಅದರ ಕೆಳಗಿನದು ನಿಮ್ಮದು ಎಂದು ತೋರಿಸಿದೆ. ಬಹಳ ಹೊತ್ತು ನೋಡಿದರು. ಬೆರಳನ್ನು ಲುಂಗಿಗೆ ಎರಡು ಸಲ ಒರೆಸಿಕೊಂಡು ತಮ್ಮ ಹೆಸರಿನ ಮೇಲೆ ಇಟ್ಟು ಮೆಲ್ಲಗೆ ಸವರಿದರು. ಪುಟ ಸರ್ರನೆ ಜಾರಿ ಹೆಸರು ಕಾಣದಾಯಿತು. ಮಾವ ಕೈ ಹಿಂದಕ್ಕೆಳೆದುಕೊಂಡರು.

"ಅಳ್ಸೋಯ್ತಾ ಕೂಸೆ?"

"ಇಲ್ಲ ಮಾವ, ಅಲ್ಲೇ ಅದೆ" ಎಂದೆ. ಪುಟವನ್ನು ಕೆಳಗೆಳೆದು, ಹೆಸರನ್ನು ಮತ್ತೆ ಅವರ ಬೆರಳಿನ ಹತ್ತಿರಕ್ಕೆ ತಂದೆ.